ಬಾಕಿ

ಬೆಳಗಿನ ಆರಕ್ಕೆ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟೆದುರು
ಎರಡನೇ ಕುದಿ ಏಳುವ ಹೊತ್ತಿಗೆ ಬಂದ.
ಇಲಿಯಾಸ್ ಪಾಷಾ ಸಾಬರ ಹೊಸ ಮಿಷನ್ನು ಕೂರಿಸುವವನು,
ಉಜ್ಬೆಕಿಸ್ತಾನದವನಂತೆ.
ಅಲ್ಲೂ ರೇಷ್ಮೆಯಂತೆ, ಅಲ್ಲೂ ಹುಳಕ್ಕೆ ಹಿಪ್ಪುನೇರಳೆಯೇ ಅಂತೆ.
ಹೆಸರು ಬಹೊದಿರ್. ನನ್ನ ನಾಲಗೆಗೆ ಬಹದ್ದೂರು.

ಟೀ ಕುಡಿದ. ಬನ್ನು ತಿಂದ. ಕಾರ್ಡು ತೆಗೆದ,
ನೀಲಿ, ಮೇಲೊಂದು ಹಕ್ಕಿ.
ಬಿಸ್ಕತ್ತಿನ ಡಬ್ಬಿಗೆ ಅಂಟಿಸಿದ ಸ್ಕ್ಯಾನರು ತೋರಿಸಿದೆ.
ಅವನ ಫೋನು ಅದನ್ನು ನೋಡಿತು, ನೋಡಿತು,
ಪರವೂರ ನಾಯಿ ನಮ್ಮ ಬೀದಿ ನೋಡುವ ಹಾಗೆ.
ಸುಮ್ಮನಾಯಿತು.

ನನ್ನ ತಮ್ಮ ಮುನಿಕೆಂಪ ಮೂರು ಎಟಿಎಂ ಸುತ್ತಿಸಿ ತಂದ.
ಬಸ್‌ಸ್ಟ್ಯಾಂಡಿನದು ಬಾಗಿಲೆಳೆದಿತ್ತು.
ಟಿ.ಬಿ. ರಸ್ತೆಯದು ಕಾರ್ಡು ನುಂಗಿ, ಯೋಚಿಸಿ, ಉಗುಳಿತು.
ಮೂರನೆಯದು ಮರ್ಯಾದಸ್ತ:
ದಯವಿಟ್ಟು ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ.
ಬ್ಯಾಂಕು ಒಂದು ನಂಬರು ಕಳಿಸುತ್ತದಂತೆ,
ನಂಬರು ಅವನೂರಿನ ಸಿಮ್ಮಿಗೆ,
ಸಿಮ್ಮು ಹೆಂಡತಿಯ ಫೋನಲ್ಲಿ,
ಹೆಂಡತಿ ಸೊಪ್ಪು ಕೊಯ್ಯಲು ಹೋಗಿದ್ದಾಳೆ.
ಅವಳು ಬಂದು, ಕೈ ಒರೆಸಿಕೊಂಡು, ಓದಿ ಹೇಳುವಷ್ಟರಲ್ಲಿ
ನಂಬರಿನ ಆಯಸ್ಸು ಮುಗಿದಿರುತ್ತದೆ.

ಹದಿನೈದು ವರ್ಷ ಬೇಸಿನ್ನಿನ ಮುಂದೆ ಕೂತವಳು ನಾನು.
ಕುದಿನೀರಲ್ಲಿ ಕುಣಿಯುವ ಗೂಡಿನ ತುದಿಯೆಳೆ
ಬೆರಳಿಗೆ ಸಿಗದಿದ್ದರೆ, ಒಳಗೆ ಸಾವಿರ ಮೀಟರು ನೂಲಿದ್ದರೇನು,
ಅದು ಹುರಿಯಲೂ ಬಾರದ ಕಡಲೆಕಾಯಿ.
ಕಾರ್ಡು ಇಸಕೊಂಡು ತಿರುಗಿಸಿ ನೋಡಿದೆ.
ಒಳಗೆ ಇದೆ.
ತುದಿ ಸಿಕ್ಕಿಲ್ಲ, ಅಷ್ಟೆ.

ಎಲ್ಲರೂ ಅಮ್ಮ ಅನ್ನುವುದು ಕೇಳಿ ಅವನೂ ಅಂದ.
ಅವರ ಭಾಷೆಯಲ್ಲಿ ಅಮ್ಮ ಅಂದರೆ ಅಪ್ಪನ ತಂಗಿಯಂತೆ.
ಆಗಲಿ. ಸೋದರತ್ತೆಗೂ ಸಾಲ ಕೊಡುವ ಅಧಿಕಾರ ಉಂಟು.
ಎಣ್ಣೆ ಕುಡಿದ ನೋಟ್‌ಬುಕ್ಕು ಬಿಡಿಸಿ ಬರೆದೆ:
ಬಹದ್ದೂರು, ಮಿಷನ್ನು. ಟೀ ಎರಡು, ಬನ್ನು ಒಂದು.
ಮೇಲಿನ ಸಾಲಲ್ಲಿ ಮೂಟೆ ಹೊರುವ ದ್ಯಾವಪ್ಪ,
ಕೆಳಗೆ ತೂಕದ ಮನೆಯ ಚಾಂದ್‌ಬಿ.
ಓದಲು ಬಾರದ ತನ್ನ ಹೆಸರಿನ ಮೇಲೆ ಬೆರಳಿಟ್ಟು
ಇದೇನು ಅಂತ ಹುಬ್ಬಿನಲ್ಲೇ ಕೇಳಿದ.
ಬಾಕಿ, ಅಂದೆ.

ಬಾಕಿ? ತಟ್ಟನೆ ತಲೆಯೆತ್ತಿದ. ಎದೆಗೆ ಕೈ ಹೋಯಿತು.
ಅವನಾಡಿದ್ದನ್ನು ಫೋನು ಉರ್ದುವಿಗೆ ತಂದಿತು,
ಸಾಬರು ಕನ್ನಡಕ್ಕೆ:
ಅವನ ಸೀಮೆಯಲ್ಲಿ ಬಾಕಿ ಅಂದರೆ ಸಾವಿಲ್ಲದ್ದು,
ಲೋಕ ಹೋದ ಮೇಲೂ ಇರುವುದು,
ಗೋರಿ ಹತ್ತಿರ ನಿಂತು ಆಡುವ ಮಾತು.
ನಮ್ಮಲ್ಲೇನು ಬೇರೆಯೇ, ದ್ಯಾವಪ್ಪನ ಲೆಕ್ಕ ನೋಡಿ, ಅಂದೆ.
ದ್ಯಾವಪ್ಪನೂ ನಕ್ಕ.

ಹನ್ನೊಂದು ದಿನ. ಮುನ್ನೂರ ನಲವತ್ತು ರೂಪಾಯಿ.
ಮಿಷನ್ನು ತಿರುಗಿತು.
ಎಂಟು ಹೆಂಗಸರ ಕೈ ಕುದಿನೀರಿಂದ ಆಚೆ ಬಂತು,
ಬೆರಳ ಚರ್ಮ ನಿಧಾನಕ್ಕೆ ಒಣಗುತ್ತಿದೆ.
ಒಳ್ಳೆಯದಾಯಿತೋ ಕೆಟ್ಟದಾಯಿತೋ,
ಅವರೆಲ್ಲ ಈಗ ಇದೇ ನೋಟ್‌ಬುಕ್ಕಿನಲ್ಲಿದ್ದಾರೆ.

ಅವನು ಹೋದ ರಾತ್ರಿ ಕಳೆದು, ಕತ್ತಲಲ್ಲೇ ಹಲಗೆ ತೆಗೆದೆ.
ಒಲೆ ಹಚ್ಚುತ್ತಿದ್ದಂತೆ ಪೆಟ್ಟಿಗೆಯೊಳಗಿನ ಹೆಂಗಸು ಒದರಿದಳು:
ಮುನ್ನೂರ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ.
ದೇವನಹಳ್ಳಿಗೆ ವಿಮಾನ ಹತ್ತಿಸಲು ಹೋಗಿದ್ದ
ಸಾಬರ ಫೋನಿನಿಂದ.
ಅವರಿಗೆ ಅವನು ಹೇಗೆ ತೀರಿಸಿದನೋ, ಕೇಳಲಿಲ್ಲ.

ಪೆನ್ನು ತೆಗೆದೆ. ತೀರಿದ ಹೆಸರಿಗೆ ಗೀಟು ಎಳೆಯಬೇಕು,
ಇದು ಅಂಗಡಿ, ಇದಕ್ಕೊಂದು ಕ್ರಮವಿದೆ.
ಅಷ್ಟರಲ್ಲಿ ಹಾಲು ಉಕ್ಕಿತು ಅಂತ ಎದ್ದವಳು
ಇನ್ನೂ ಬಂದು ಕೂತಿಲ್ಲ.