ಹೊಳೆಯ ಚಾವಣಿ

ಮಂಗಳವಾರ ನಮ್ಮ ಗುಡ್ಡಕ್ಕೆ ನೀರಿನ ದಿನ.
ಪಕ್ಕದ ಗುಡ್ಡಕ್ಕೆ ಶುಕ್ರವಾರ; ಅಲ್ಲಿಗೆ ಮಗಳನ್ನು ಕೊಟ್ಟವರು
ವಾರಕ್ಕೆ ಎರಡು ಸಲ ಬಟ್ಟೆ ಒಗೆಯುತ್ತಾರೆ.
ಅಮ್ಮಾನಿನಲ್ಲಿ ನೆಂಟಸ್ತಿಕೆಗೆ ಇದೂ ಒಂದು ಲೆಕ್ಕ.

ರಾತ್ರಿ ಎರಡೂವರೆಗೆ ಕೊಳವೆ ಕೆಮ್ಮುತ್ತದೆ.
ಮೊದಲು ಗಾಳಿ, ಆಮೇಲೆ ತುಕ್ಕು, ಆಮೇಲೆ
ಗಂಟಲು ಸರಿಮಾಡಿಕೊಂಡ ಮುದುಕನ ಹಾಗೆ
ಒಂದು ಮಾತು, ಇನ್ನೊಂದು ಮಾತು, ನಿಲ್ಲದ ಮಾತು.
ನಾನು ಒಂದು ಕಿವಿ ತೆರೆದಿಟ್ಟೇ ಮಲಗುವವಳು.
ಗಂಡ ಕರೆದರೆ ಏಳದವಳು ಇದಕ್ಕೆ ಏಳುತ್ತೇನೆ.

ಮಾಳಿಗೆಯ ಮೇಲೆ ಒಂಬತ್ತು ತೊಟ್ಟಿ, ಬಿಳಿ ತಗಡಿನವು.
ನಮ್ಮದರ ಮೇಲೆ ಹಸಿರು ಬಣ್ಣದ ಅಂಗೈ ಗುರುತು,
ಮಗ ಐದು ವರ್ಷದವನಿದ್ದಾಗ ಒತ್ತಿದ್ದು.
ಈಗ ಅವನ ಕೈ ಅದಕ್ಕೆ ಹೊಂದುವುದಿಲ್ಲ,
ತೊಟ್ಟಿ ಮಾತ್ರ ಬೆಳೆದಿಲ್ಲ.
ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇನೆ:
ಡಣ್ ಎಂದರೆ ಬರಿದು, ಡಬ್ ಎಂದರೆ ಇದೆ.
ಎರಡು ಸದ್ದಿನ ನಡುವಿನ ಗೆರೆ ಎಲ್ಲಿದೆಯೋ
ಅಲ್ಲಿಯವರೆಗೆ ನಮ್ಮ ವಾರ.

ಬೇರೆ ಊರಲ್ಲಿ ದುಡ್ಡನ್ನು ನೀರಿನಂತೆ ಚೆಲ್ಲಿದ ಎನ್ನುತ್ತಾರಂತೆ.
ನಾವು ಪಾತ್ರೆ ತೊಳೆದದ್ದು ನೆಲಕ್ಕೆ, ನೆಲ ತೊಳೆದದ್ದು ಮೆಟ್ಟಿಲಿಗೆ,
ಮೆಟ್ಟಿಲು ತೊಳೆದದ್ದು ಅಂಜೂರದ ಬುಡಕ್ಕೆ,
ಒಂದೇ ನೋಟು ಮೂರು ಕೈ ದಾಟಿದ ಹಾಗೆ.

ಕೆಳಗೆ ಪೇಟೆಯಲ್ಲಿ ಒಂದು ಬೀದಿ. ಅದರ ಹೆಸರೇ ಹೊಳೆಯ ಚಾವಣಿ.
ಹಳೆ ಬೂಟು, ಹಳೆ ಕೋಟು ಮಾರುವವರು ಅಲ್ಲಿ ಕೂಗುತ್ತಾರೆ.
ಯಾರೂ ಕೇಳುವುದಿಲ್ಲ: ಚಾವಣಿ ಸರಿ, ಮನೆ ಯಾವುದು?
ಮೂರನೇ ಮಹಡಿಯ ಜಾನ್ಸೆತ್ ಅಜ್ಜಿಗೆ ಗೊತ್ತು.
ಅವಳ ಹಿರಿಯರು ಕಾಕಸಸ್ ಬೆಟ್ಟಗಳಿಂದ ಬಂದು
ಆ ಹೊಳೆಯ ಪಕ್ಕ ಒಲೆ ಹೂಡಿದವರು.
ಹುಡುಗಿಯಾಗಿದ್ದಾಗ ಅದರಲ್ಲಿ ಕಂಬಳಿ ತೊಳೆದಿದ್ದಳಂತೆ,
ಮೀನಿಗೆ ಕಾಲು ಕೊಟ್ಟು ಕೂತಿದ್ದಳಂತೆ.
ಆಮೇಲೆ ಹೊಳೆ ಸಣಕಲಾಯಿತು, ಆಮೇಲೆ ನಾರಿತು,
ಆಮೇಲೆ ಕಾಂಕ್ರೀಟು ಹೊದಿಸಿದರು, ಮುಖದವರೆಗೂ.
“ಹೊಳೆ ನೆಲದಡಿ, ಕೆರೆ ತಲೆ ಮೇಲೆ,
ನಡುವೆ ನಾವು ಬಾಯಾರಿ” ಎನ್ನುತ್ತಾಳೆ,
ಚಹಾದ ಲೋಟವನ್ನು ತಟ್ಟೆಯಲ್ಲಿ ಮೂರು ಸಲ ತಿರುಗಿಸಿ.
ಹೊಸ ಮಾತೇನಲ್ಲ ಅದು; ಪ್ರತಿ ಮಂಗಳವಾರದ್ದು.

ಹೋದ ಮಂಗಳವಾರ ನಾನು ಏಳಲಿಲ್ಲ.
ಹಗಲೆಲ್ಲ ಹೊಲಿಗೆ, ಯಾರದೋ ಮದುವೆಗೆ ಹದಿನಾಲ್ಕು ಗೌನು.
ಕಿವಿಯೂ ಮಲಗಿತ್ತು.
ತೊಟ್ಟಿಯ ತೇಲುಗುಂಡು ಮುರಿದದ್ದು ಯಾವಾಗಲೋ.
ಎಚ್ಚರಾದದ್ದು ಈ ಕಟ್ಟಡ ಯಾವತ್ತೂ ಮಾಡದ ಸದ್ದಿಗೆ:
ಯಾರೋ ಮೆಟ್ಟಿಲಿಳಿಯುತ್ತಿದ್ದರು,
ಬರಿಗಾಲಲ್ಲಿ, ಅವಸರವಿಲ್ಲದೆ.

ಬಾಗಿಲು ತೆರೆದೆ. ನೀರು.
ನನ್ನ ನೀರು, ಮನೆಮನೆಯ ಮುಂದೆಯೂ ನಿಂತು ವಿಚಾರಿಸುತ್ತ,
ಒಬ್ಬರ ಚಪ್ಪಲಿ ಇನ್ನೊಬ್ಬರ ಹೊಸ್ತಿಲಿಗೆ ಒಯ್ಯುತ್ತ.
ಕುಗ್ಗಿಹೋದೆ. ಈ ಊರಲ್ಲಿ ಬೆತ್ತಲೆ ಓಡಿದರೂ
ಇಷ್ಟು ಮಾತು ಬರುವುದಿಲ್ಲ.

ದೀಪ ಹತ್ತಿದವು. ವಿದಾದ್ ಬಂದಳು, ಬೈಯಲು ಬಾಯಿ ತೆರೆದು
ಬಕೆಟ್ ಒಡ್ಡಿದಳು. ಟ್ಯಾಕ್ಸಿಯ ಹಾಯಿಲ್ ಮಗುವಿನ ಟಬ್ಬು ತಂದ,
ಎದುರುಮನೆಯ ವಿದ್ಯಾರ್ಥಿಗಳು ಅನ್ನದ ಪಾತ್ರೆ, ಅಗುಳು ಸಮೇತ.
ಮಕ್ಕಳು ಹೋಂವರ್ಕ್ ಹರಿದು ದೋಣಿ ಮಾಡಿದರು,
ಮೂರನೇ ಮಹಡಿಯಿಂದ ಎರಡಕ್ಕೆ ಎರಡೇ ಕ್ಷಣ.

ಜಾನ್ಸೆತ್ ಅಜ್ಜಿ ಬಂದಳು. ಕೈಯಲ್ಲಿ ಬಕೆಟ್ ಇರಲಿಲ್ಲ.
ಗೋಡೆ ಹಿಡಿದು ತಿರುವಿನ ಮೆಟ್ಟಿಲ ಮೇಲೆ ಕೂತು
ಉಣ್ಣೆಯ ಕಾಲುಚೀಲ ಒಂದೊಂದಾಗಿ ಕಳಚಿ, ಮಡಚಿ, ಕಂಕುಳಲ್ಲಿಟ್ಟು
ಎರಡೂ ಪಾದ ನೀರಿಗೆ ಕೊಟ್ಟಳು.
ಊದಿದ ಪಾದ. ಹಿಮ್ಮಡಿಯ ಬಿರುಕು ಹೊಕ್ಕು
ನೀರು ಆಚೆ ಹೊರಟಿತು.
“ಅಜ್ಜಿ, ಶೀತ” ಎಂದೆ. “ಶ್ಶ್” ಎಂದಳು,
ಮೀನು ಬೆದರುತ್ತವೆ ಎನ್ನುವಂತೆ.

ಸ್ವಲ್ಪ ಹೊತ್ತು ಯಾರೂ ತುಂಬಿಕೊಳ್ಳಲಿಲ್ಲ.
ಹಾಯಿಲ್ ಟಬ್ಬನ್ನು ಪಕ್ಕಕ್ಕೆಳೆದು ದಾರಿ ಬಿಟ್ಟ.

ಆಮೇಲೆ ನಿಂತಿತು. ಮಗ ಮಾಳಿಗೆ ಹತ್ತಿ
ಗುಂಡನ್ನು ತಂತಿಯಲ್ಲಿ ಬಿಗಿದಿದ್ದ,
ಹಸಿರು ಅಂಗೈಯ ಪಕ್ಕ ಬಡಿದು ಕೂಗುತ್ತಿದ್ದ: ಡಬ್! ಡಬ್!
ತಿಂಗಳ ಕೊನೆಗೆ ಬಿಲ್ಲು ಬರುತ್ತದೆ;
ಹದಿನಾಲ್ಕರಲ್ಲಿ ಮೂರು ಗೌನು ಅದಕ್ಕೆ.
ವಿದಾದ್ ನಾಲ್ಕು ದಿನ ಮಾತು ಬಿಟ್ಟಳು,
ತುಂಬಿದ ಬಕೆಟ್ ಮಾತ್ರ ಹಿಂತಿರುಗಿಸಲಿಲ್ಲ.

ಇವತ್ತು ಮತ್ತೆ ಮಂಗಳವಾರ.
“ಗುಂಡು ಸರಿಮಾಡಿಸಿದೆಯಾ?” ಕೇಳಿದಳು ಅಜ್ಜಿ.
“ಹೊಸದೇ ಹಾಕಿಸಿದೆ.”
“ಒಳ್ಳೆಯದಾಯಿತು” ಎಂದಳು.
ಲೋಟ ತಿರುಗಿಸಲಿಲ್ಲ.