ನೀಲಿ ಹೋದ ಮೇಲೆ

ಮೇ ತಿಂಗಳಲ್ಲಿ ವೀಯೈಪಿನ ಹುಲ್ಲುಗಾವಲು
ದೂರದಿಂದ ಕೆರೆ.
ಹತ್ತಿರ ಹೋದರೆ ಕ್ಯಾಮಸ್ ಹೂ, ಮೊಣಕಾಲೆತ್ತರ ನೀಲಿ,
ನಡುವೆ ಅಲ್ಲೊಂದು ಇಲ್ಲೊಂದು
ಕೆನೆಬಿಳಿ ತೆನೆ.
ಅದನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲ ಅಜ್ಜಿ ಡೆಲ್ಫೀನ್.
‘ಅದು’ ಅನ್ನುತ್ತಿದ್ದಳು,
ಮಾತುಬಿಟ್ಟ ನೆರೆಯವಳನ್ನು ಅಂದ ಹಾಗೆ.

ಹೂವಿದ್ದಾಗಲೇ ಗುರುತು ಹಾಕಬೇಕು.
ಜೂನ್ ಬಂದರೆ ಎರಡೂ ಒಣಕಡ್ಡಿ,
ಎರಡರ ಬುಡದಲ್ಲೂ ಅದೇ ಗಡ್ಡೆ,
ಸಿಪ್ಪೆಯೊಳಗೆ ಸಿಪ್ಪೆ,
ಈರುಳ್ಳಿಯೇ, ಘಾಟು ಮಾತ್ರ ಇಲ್ಲ.
ಒಂದನ್ನು ಬಿಸಿಗಲ್ಲಿನ ಗುಂಡಿಯಲ್ಲಿ ಎರಡು ರಾತ್ರಿ ಹೂತಿಟ್ಟರೆ
ಕರಿಬೆಲ್ಲವಾಗುತ್ತದೆ.
ಇನ್ನೊಂದನ್ನು ಎಷ್ಟು ರಾತ್ರಿ ಬೇಯಿಸಿದರೂ
ಅದು ಅದೇ.

ಬಿಳಿಯದರ ಕೊರಳಿಗೆ ಕೆಂಪು ಉಣ್ಣೆದಾರ ಕಟ್ಟುತ್ತಿದ್ದಳು,
ನನ್ನ ಹಳೇ ಸ್ವೆಟರ್ ಬಿಚ್ಚಿದ್ದು.
ಕಿತ್ತೇ ಎಸೆಯಬಹುದಲ್ಲ ಅಂದಿದ್ದಕ್ಕೆ
ಒಂದು ದುಂಬಿ ತೋರಿಸಿದಳು:
ಬೂದುಬಣ್ಣ, ಮಣ್ಣಲ್ಲಿ ಮನೆ,
ಇದೇ ಹೂವಿನ ಪರಾಗದಲ್ಲಿ ಮಕ್ಕಳಿಗೆ ಉಂಡೆ ಕಟ್ಟುವವಳು.
‘ಅವಳ ಮನೆಯಲ್ಲೂ ಒಲೆ ಉರಿಯಬೇಕಲ್ಲ.’

ಆ ವರ್ಷ
ದಾರದುಂಡೆ ಹಿಡಿದು ಬೇಲಿಯಂಚಲ್ಲಿ ಬಹಳ ಹೊತ್ತು ನಿಂತಳು.
ಆಮೇಲೆ ಕೇಳಿದಳು, ಗಂಟೆ ಎಷ್ಟು ಅನ್ನುವ ದನಿಯಲ್ಲಿ:
‘ರೋಸೆಲ್, ಈ ಸಲ ಎಲ್ಲ ಬಿಳಿಯದೇ ಬಂದಿದೆಯಾ?’

ನನ್ನೆದುರು ಕೆರೆ, ತುಂಬು ನೀಲಿ.
ಲೂಯಿಸ್ಟನ್ನಿನ ಡಾಕ್ಟರು ಆಮೇಲೆ ಹೇಳಿದರು:
ಪೊರೆ ಬಂದ ಕಣ್ಣು ನೀಲಿಯನ್ನೇ ಮೊದಲು ಬಿಟ್ಟುಕೊಡುತ್ತದಂತೆ.

ಹನ್ನೊಂದು ವರ್ಷ ನನಗೆ. ದಾರ ನಾನು ಕಟ್ಟಿದೆ.
ಅವಳು ಒಂದೊಂದು ಕಾಂಡ ಸವರಿ
‘ಹೇಳು’ ಅನ್ನುವಳು.
ನಾನು ಹೇಳುವೆ.

ಜೂನ್ ಕೊನೆಗೆ ಅಗೆದೆವು.
ಬುಟ್ಟಿ ಮುಕ್ಕಾಲು ತುಂಬಿತ್ತು,
ಅಗೆದ ಮಣ್ಣಲ್ಲಿ ಕಂಡಿತು ಒಂದೆಳೆ ಕೆಂಪು.
ಜಿಂಕೆ ಜಗ್ಗಿದ್ದೋ, ನನ್ನ ಗಂಟು ಸಡಿಲವಿತ್ತೋ,
ಯಾವ ಕಡ್ಡಿಯದು?
ಮುಷ್ಟಿಯೊಳಗೆ ಮುಚ್ಚಿಕೊಂಡೆ.
ಅವಳಿಗೆ ಕಾಣದು.
ಮೂರು ದಿನದ ಬೆನ್ನುನೋವು ಆ ಬುಟ್ಟಿ.
ಗುಂಡಿಗೆ ಕಲ್ಲು ಆಗಲೇ ಆಯ್ದಿಟ್ಟಾಗಿತ್ತು.

ಒಂದು ಹದ್ದು ಇಡೀ ಬಯಲು ದಾಟುವಷ್ಟು ಹೊತ್ತು
ಹಾಗೇ ಕೂತಿದ್ದೆ.
ಆಮೇಲೆ ಅವಳ ಅಂಗೈಗೆ ದಾರವಿಟ್ಟೆ.

ಬೈಯಲಿಲ್ಲ. ಎರಡು ಬೆರಳಲ್ಲಿ ಹೊಸೆದು ನೋಡಿದಳು.
ಬುಟ್ಟಿಯನ್ನು ಅಗೆದ ಕುಳಿಗೇ ಸುರಿದು
ಅಗೆಕೋಲಿನಿಂದ ಮಣ್ಣೆಳೆದಳು,
ಮಂಡಿಯ ಧೂಳು ಕೊಡವಿ ಎದ್ದು
‘ಪಿಕಪ್ಪಿನಲ್ಲಿ ಬ್ರೆಡ್ ಇದೆ’ ಅಂದಳು.