ಹಲ್ಲಿಗೆ ಕೇಳಿದ್ದು

ನನ್ನ ಓಮ್ನಿಗೆ ಎಂಜಿನ್ನು ಮುಂದಿಲ್ಲ, ಹಿಂದಿಲ್ಲ,
ಕೂತ ಸೀಟಿನ ಅಡಿಯಲ್ಲೇ.
ಗುಡುಗುಡು ಹೊಟ್ಟೆಯದೋ ಗಾಡಿಯದೋ
ಮೊದಲೆರಡು ವಾರ ತಿಳಿಯಲೇ ಇಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ.
ನೂರಾ ಇಪ್ಪತ್ತು ಜೀನ್ಸ್ ಹೇರಿಕೊಂಡು
ಕೌಲ್ ಬಜಾರಿನ ಗೇಟು ದಾಟಿ, ಮೂರನೇ ಗೇರಿಗೆ ಬಿದ್ದು
ಮುಳ್ಳು ನಲವತ್ತು ಮುಟ್ಟಿತೋ ಇಲ್ಲವೋ
ಚರ್ರ್... ಚರ್ರ್... ಚಿಕ್.
ಮತ್ತೆ ಚರ್ರ್.
ಮುಂಡ್ರಿಗಿಯ ವಾಷಿಂಗ್ ಯೂನಿಟ್ಟಿನವರೆಗೂ
ಯಾರೋ ನನ್ನ ಕೆಳಗೆ ಕೂತು
ಕಾಳಿಲ್ಲದ ಬೀಸುಕಲ್ಲು ತಿರುಗಿಸಿದ ಹಾಗೆ.

ಖಾಸಿಂ ಪೀರಾನ ಶೆಡ್ಡಿನ ಮುಂದೆ ನಿಲ್ಲಿಸಿದೆ.
ಸದ್ದು ಮಾಯ.
"ಡಾಕ್ಟ್ರ ಮುಂದ ಕೂಸು ಕೆಮ್ಮಂಗಿಲ್ಲಕ್ಕ,
ಬಿಟ್ಟೋಗು, ಸಂಜಿಮಟ ಬಿಸಿಲಿಗೆ ನಿಂತ್ರ
ತಾನ ಬಾಯಿಬಿಡ್ತೈತಿ."

ಬಾಯಿಬಿಡಲಿಲ್ಲ.

ಮರುದಿನ ಹುಡುಗ ಹುಲುಗಪ್ಪನನ್ನು
ಬಂಡಲುಗಳ ನಡುವೆ ಮಲಗಿಸಿ, ಕಿವಿ ತಗಡಿಗೆ ಹಚ್ಚಿಸಿ
ಸಂಗನಕಲ್ಲಿನ ತನಕ ಓಡಿಸಿದೆವು.
ಹುಡುಗ ಅಂದ, ಹಿಂದಿನ ಆಕ್ಸಲ್.
ಖಾಸಿಂ ಅಂದ, ಫ್ಯಾನು.
ನಾನು ಅಂದದ್ದನ್ನು ಯಾರೂ ಕೇಳಲಿಲ್ಲ.

ಚಹಾಕ್ಕೆ ನಿಂತಾಗ ಹುಲುಗಪ್ಪ ಗುಡ್ಡ ಹತ್ತಿ
ಒಂದು ಕರಿಬಂಡೆಗೆ ಕಲ್ಲಿನಿಂದ ಬಡಿದ.
ಠಣ್ ಅಂತು, ಕಂಚಿನ ತಟ್ಟೆಯ ಹಾಗೆ.
ಪಕ್ಕದ್ದಕ್ಕೆ ಬಡಿದ. ಧಪ್.
"ಒಂದಕ್ಕ್ಯಾಕ ದನಿ ಐತಿ, ಒಂದಕ್ಕಿಲ್ಲ?"
ಮೇಲಿಂದ ಕೂಗಿದ.
ಖಾಸಿಂ ತಲೆ ಎತ್ತಲಿಲ್ಲ.
ಲೋಟದ ತಳದ ಚಹಾ ಮಣ್ಣಿಗೆ ಚೆಲ್ಲಿದ.

ಸೀಟು ಎತ್ತಿದೆವು. ತಗಡಿನ ಕವರಿನ ಸಂದಿಯಲ್ಲಿ
ಒಂದು ಹಿತ್ತಾಳೆ ಗುಂಡಿ,
ನಮ್ಮ ಯೂನಿಟ್ಟಿನದೇ, ಕುದುರೆ ಛಾಪಿನದು.
ಸಿಕ್ಕ ಕಳ್ಳ ಅಂತ ಮೂವರೂ ನಕ್ಕೆವು.
ದುಡ್ಡು ಬೇಡ ಅಂದ ಖಾಸಿಂ.
ಗುಂಡಿ ಕುಂಕುಮದ ಡಬ್ಬಿಯಲ್ಲಿಟ್ಟೆ.

ನಾಳೆಗೆ, ನಲವತ್ತಕ್ಕೆ,
ಚರ್ರ್.

ಹೋಗಿ ಜಗಳ ತೆಗೆದೆ. ಏರುದನಿಯಲ್ಲಿ ಕೂಗಿದೆ.
ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.
ಅಷ್ಟು ಹೊತ್ತಿಗೆ ಗೊತ್ತಾಯಿತು.
ಕುಡಿತಿನಿ ಕಡೆ ಕ್ರಷರಿನಲ್ಲಿ ಹನ್ನೊಂದು ವರ್ಷ ಫಿಟ್ಟರು,
ಎಡಗಿವಿ ಪೂರ್ತಿ ಅಲ್ಲೇ ಬಿಟ್ಟುಬಂದವನು,
ಬಲಗಿವಿ ಅರ್ಧ.
ಗಿರಾಕಿಗೆ ಗೊತ್ತಾದರೆ ಯಾರು ಗಾಡಿ ತರುತ್ತಾರೆ?

ಶೆಟರು ಅರ್ಧ ಎಳೆದ.
ಮೊಳದುದ್ದದ ಸ್ಕ್ರೂಡ್ರೈವರ್ ಒರೆಸಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಮೊನೆಯನ್ನು ಎಂಜಿನ್ನಿಗೆ ಆನಿಸಿ
ಕಣ್ಣು ಮುಚ್ಚಿದ. ಹುಲುಗಪ್ಪ ರೇಸ್ ಕೊಟ್ಟ.
ವಾಟರ್ ಪಂಪು. ಇಲ್ಲ, ತಲೆಯಾಡಿಸಿದ.
ಟ್ಯಾಪೆಟ್ಟಿನ ಮೇಲೆ. ಉಹುಂ.
ಆಲ್ಟರ್ನೇಟರು.
ಹುಬ್ಬು ಎರಡೂ ಮೇಲಕ್ಕೆ ಹೋದವು.

"ನೀನೂ ನೋಡಕ್ಕ."
ಸೆರಗಿನಿಂದ ಒರೆಸಿ ಕಚ್ಚಿದೆ. ಗ್ರೀಸಿನ ರುಚಿ.
ಆಮೇಲೆ ಗದ್ದಲವೆಲ್ಲ ಎತ್ತಲೋ ಸರಿದು
ನನ್ನ ತಲೆಬುರುಡೆಯೊಳಗೆ ಒಂದೇ ಒಂದು
ಸಣ್ಣ ಉಕ್ಕಿನ ಗುಂಡು, ಒಣಗಿ, ಸವೆದು,
ಅನ್ನದಲ್ಲಿ ಕಲ್ಲು ಕಡಿದ ಹಾಗೆ
ದವಡೆಗೆ ಸಿಕ್ಕಿತು.

ಬೇರಿಂಗು. ಇನ್ನೂರ ಹತ್ತು ರೂಪಾಯಿ, ಕೂಲಿ ಬೇರೆ.
ವಾಪಸು ಬರುವಾಗ ಗಾಡಿ ಎಷ್ಟು ಸುಮ್ಮನಿತ್ತೆಂದರೆ
ಬೀಗದ ಕೈಗೊಂಚಲು ಅಲುಗುವುದೂ ಕೇಳಿತು.

ಯೂನಿಟ್ಟಿನಲ್ಲಿ ಹದಿನಾಲ್ಕು ಮಿಷನ್ನು ಓಡುತ್ತಿದ್ದವು.
ನಾಲ್ಕನೆಯದರ ಮುಂದೆ ಹಂಪಮ್ಮ.
ದೀಪಾವಳಿಯಿಂದ ಹೇಳುತ್ತಿದ್ದಳು,
"ಅಕ್ಕ, ನನ್ ಮಿಷನ್ ಏನೋ ಅಂತೈತ್ರೀ."
"ನನಗೇನ್ ಕೇಳ್ಸಂಗಿಲ್ಲ, ಹೊಲಿ ಸುಮ್ನ" ಅಂದಿದ್ದೆ.
ಮೂರು ಸಲ.

ಸ್ಕ್ರೂಡ್ರೈವರ್ ಕೊಡುವುದು ಮರೆತು
ಚೀಲದಲ್ಲೇ ಬಂದುಬಿಟ್ಟಿತ್ತು.
ಮಿಕ್ಕ ಹದಿಮೂರನ್ನು ನಿಲ್ಲಿಸಿದೆ.
ಹಿಡಿ ತೊಳೆದು ಅವಳ ಕೈಗೆ ಕೊಟ್ಟು
"ಕಚ್ಚು" ಅಂದೆ.

ಎಲ್ಲರೂ ನಕ್ಕರು. ಹಂಪಮ್ಮನೂ ನಗುತ್ತಲೇ ಕಚ್ಚಿದಳು,
ಪೆಡಲು ಒತ್ತಿದಳು,
ಮೊನೆಯನ್ನು ಮೆಲ್ಲಗೆ ಜರುಗಿಸುತ್ತ, ಜರುಗಿಸುತ್ತ,
ಒಂದು ಕಡೆ ನಿಲ್ಲಿಸಿ
ಕಣ್ಣು ಮುಚ್ಚಿದಳು.